ನಾಮಿನಿ ಇದ್ದ ಮೇಲೆ ಉಯಿಲು ಏಕೆ?

ಪ್ರಶ್ನೆ: ನಾನು ನಿವೃತ್ತ ನೌಕರ. ಸ್ವಂತ ದುಡಿಮೆಯಿಂದ ಕಟ್ಟಿಸಿದ ಮನೆಯೂ ಬ್ಯಾಂಕಿನಲ್ಲಿ ಕೆಲವು ಠೇವಣಿಗಳೂ ಇವೆ. ಓಡಾಟಕ್ಕೆ ಅನುಕೂಲವೆಂದು ಎಲ್ಲ ಠೇವಣಿಗಳಿಗೂ ಮಗನನ್ನೇ ನಾಮಿನಿ ಮಾಡಿದ್ದೇನೆ. ಮನೆ ಪತ್ನಿಗೆ, ಹಣ ಮಗ ಮತ್ತು ಮಗಳಿಗೆ ಸಮನಾಗಿ ಸೇರಬೇಕೆಂಬುದು ನನ್ನ ಇಚ್ಛೆ. ವೃದ್ಧ ತಾಯಿಯೂ ನಮ್ಮೊಂದಿಗಿದ್ದಾರೆ. ನಾಮಿನಿ ಇರುವಾಗ ಉಯಿಲು ಬೇಕೇ? ಅದರ ನೋಂದಣಿ ಕಡ್ಡಾಯವೇ?

ಉತ್ತರ: ಉಯಿಲು ಬೇಕೇ ಬೇಕು. ನಾಮಿನಿಯು ಬ್ಯಾಂಕಿನಿಂದ ಹಣ ಪಡೆಯುವ ಅಧಿಕಾರವುಳ್ಳವರೇ ಹೊರತು ಆ ಹಣದ ಒಡೆಯರಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಠೇವಣಿ ಪ್ರಕರಣವೊಂದರಲ್ಲಿ ಸ್ಪಷ್ಟಪಡಿಸಿದೆ. ಉಯಿಲು ಇಲ್ಲದಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅನ್ವಯಿಸುವ ಕುಟುಂಬ ನಿಮ್ಮದಾದಲ್ಲಿ, ಮನೆ ಮತ್ತು ಹಣ ಎರಡೂ ಪತ್ನಿ, ಮಗ, ಮಗಳು ಹಾಗೂ ನಿಮ್ಮ ತಾಯಿಗೆ ಸಮಪಾಲಾಗಿ ಹೋಗುತ್ತವೆ. ತಾಯಿಯ ಪಾಲನ್ನು ಬಹಳ ಮಂದಿ ಲೆಕ್ಕಕ್ಕೇ ಹಿಡಿಯುವುದಿಲ್ಲ. ಮನೆ ಪೂರ್ತಿಯಾಗಿ ಪತ್ನಿಯದಾಗಬೇಕೆಂಬ ನಿಮ್ಮ ಇಚ್ಛೆ ಹೀಗೆ ಈಡೇರದು.

ಉಯಿಲಿಗೆ ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ಆದರೆ ಇಬ್ಬರು ಸಾಕ್ಷಿಗಳು ಇರಲೇಬೇಕು. ನೀವು ಸಹಿ ಮಾಡುವುದನ್ನು ಅವರು ಕಣ್ಣಾರೆ ನೋಡಿರಬೇಕು ಅಥವಾ ಅದು ನಿಮ್ಮದೇ ಸಹಿಯೆಂದು ನೀವೇ ಅವರಿಗೆ ತಿಳಿಸಿರಬೇಕು, ಅವರ ಸಹಿಯೂ ನಿಮ್ಮ ಎದುರಿನಲ್ಲೇ ಬೀಳಬೇಕು. ಮುಂದೆ ತಕರಾರು ಎದ್ದರೆ ನ್ಯಾಯಾಲಯದಲ್ಲಿ ಸಾಕ್ಷಿ ನುಡಿಯಬೇಕಾದವರೂ ಅವರೇ ಆದ್ದರಿಂದ, ನಿಮ್ಮ ವಾರಿಗೆಯ ಗೆಳೆಯರಿಗಿಂತ ವಯಸ್ಸಿನಲ್ಲಿ ಚಿಕ್ಕವರೂ ಆಸ್ತಿಯಲ್ಲಿ ಪಾಲಿಲ್ಲದವರೂ ಆದವರನ್ನು ಆರಿಸಿಕೊಳ್ಳಿ. "ನನ್ನ ನಂತರ ಮನೆಯನ್ನು ಪತ್ನಿ ಅನುಭವಿಸತಕ್ಕದ್ದು" ಎಂದಷ್ಟೇ ಬರೆದರೆ ಅವರಿಗೆ ಸಿಗುವುದು ಪೂರ್ಣ ಒಡೆತನವೋ, ಬದುಕಿರುವವರೆಗಿನ ವಾಸದ ಹಕ್ಕೋ ಎಂಬ ಗೊಂದಲ ಉಳಿಯುತ್ತದೆ. ಮಾರುವ ಹಕ್ಕೂ ಅವರಿಗಿದೆಯೆಂದು ಬಿಡಿಸಿ ಬರೆಯಿರಿ.

ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸುವುದು ಒಳಿತೆಂದು ನನ್ನ ಅಭಿಪ್ರಾಯ. ಮೂಲಪ್ರತಿ ಕಳೆದುಹೋದರೂ ಉಪನೋಂದಣಾಧಿಕಾರಿ ಕಚೇರಿಯಲ್ಲಿ ದಾಖಲೆ ಇರುತ್ತದೆ. ಮನಸ್ಸು ಬದಲಾದರೆ ಮತ್ತೊಂದು ಉಯಿಲು ಬರೆಯಬಹುದು. ನೋಂದಣಿಯಾಗಿರಲಿ, ಬಿಡಲಿ, ಕ್ರಮಬದ್ಧವಾಗಿ ಬರೆದ ಕೊನೆಯದೇ ಊರ್ಜಿತ.

ಇದರೊಂದಿಗೆ ಠೇವಣಿಗಳ ನಾಮನಿರ್ದೇಶನವನ್ನೂ ಬದಲಿಸಿಬಿಡಿ. 2025ರ ನವೆಂಬರ್ 1ರಿಂದ ಒಂದು ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಸೂಚಿಸಲು ಅವಕಾಶವಿರುವುದರಿಂದ, ಮಗ ಮತ್ತು ಮಗಳ ಹೆಸರಿಗೆ ಶೇಕಡಾ 50ರಂತೆ ನಮೂದಿಸಿದರೆ ಬ್ಯಾಂಕಿನ ದಾಖಲೆಗೂ ಉಯಿಲಿಗೂ ತಾಳೆಯಾಗುತ್ತದೆ.