ಕೂರಲಾಗದ ಕಾಲುಗಳು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಶಿಡ್ಲಘಟ್ಟದ ಕಡೆಯ ಮಹಿಳೆ, ನಲವತ್ತರ ಆಸುಪಾಸು, ರೇಷ್ಮೆ ನೂಲು ಬಿಚ್ಚುವ ಕೆಲಸ. ಯಾರೂ ಇಲ್ಲದಾಗ ಮಾತು ಕೇಳಿಸುತ್ತಿದ್ದುದಕ್ಕೆ ಮನೋವೈದ್ಯರು ರಿಸ್ಪೆರಿಡೋನ್ ಕೊಟ್ಟಿದ್ದರು. ಪ್ರಮಾಣ 2 ಮಿ.ಗ್ರಾಂನಿಂದ 4ಕ್ಕೆ ಏರಿದ ಮೇಲೆ ಮಾತು ಕೇಳಿಸುವುದು ತಗ್ಗಿತು, ಆದರೆ ಬಿಸಿನೀರಿನ ತೊಟ್ಟಿಯ ಮುಂದೆ ಹತ್ತು ನಿಮಿಷ ಕೂರಲಾಗುತ್ತಿಲ್ಲ.

"ಕಾಯಿಲೆ ಜಾಸ್ತಿ ಆಗೈತೆ ಮೇಡಂ, ಮಾತ್ರೆ ಇನ್ನೂ ಏರಿಸಕ್ಕೆ ಹೇಳಿ" ಎಂದರು ಗಂಡ.

ಭಯವಾಗುತ್ತದೆಯೇ, ಇಲ್ಲ ಕಾಲೇ ಕೂರಲು ಬಿಡುತ್ತಿಲ್ಲವೇ ಎಂದು ಆಕೆಯನ್ನೇ ಕೇಳಿದಾಗ ಉತ್ತರ ಸ್ಪಷ್ಟವಿತ್ತು: "ಭಯ ಏನಿಲ್ಲ ಮೇಡಂ. ಒಳಗಿಂದ ಎಳೆದಂಗಾಗ್ತೈತೆ, ನಡೆದ್ರೆ ಒಸಿ ಹಗುರ." ಎರಡು ನಿಮಿಷ ಕೂರಿಸಿ, ಎರಡು ನಿಮಿಷ ನಿಲ್ಲಿಸಿ ನೋಡಲಾಯಿತು. ಕೂತಾಗ ಪಾದ ಅಲುಗುತ್ತಲೇ ಇತ್ತು, ನಿಂತಾಗ ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ. ಹಗಲಿಡೀ ಹೀಗೇ. ರಾತ್ರಿ ಮಲಗಿದಾಗ ಮಾತ್ರ ಕಾಲು ಸೆಳೆದಿದ್ದರೆ ಬೇರೆ ತೊಂದರೆ, ಕಬ್ಬಿಣಾಂಶದ ಕೊರತೆಯನ್ನೂ ನೋಡಬೇಕಾಗುತ್ತಿತ್ತು.

ಕೂರಲು ಬಿಡದ ಆಕೆಯ ಈ ಚಡಪಡಿಕೆಗೆ ಅಕಥೀಸಿಯಾ ಎನ್ನುತ್ತಾರೆ. ಗ್ರೀಕ್ ಮೂಲದಲ್ಲಿ 'ಅ' ಎಂದರೆ ಇಲ್ಲ, 'ಕಥಿಝೈನ್' ಎಂದರೆ ಕೂರು. ಹೆಸರಿಟ್ಟವರು ಪ್ರಾಗ್‌ನ ನರವೈದ್ಯ ಲಾಡಿಸ್ಲಾವ್ ಹಷ್ಕೋವೆಟ್ಸ್, 1901ರಲ್ಲಿ. ರಿಸ್ಪೆರಿಡೋನ್‌ನಂಥ ಮಾತ್ರೆಗಳು ಬಂದದ್ದು ಆಮೇಲೆ, 1950ರ ದಶಕದಿಂದೀಚೆಗೆ; ಅಂದರೆ ಅವು ಇಲ್ಲದಾಗಲೂ ಈ ತೊಂದರೆ ಇತ್ತು. ಆದರೆ ಇಂದು ನಾವು ಕಾಣುವುದರಲ್ಲಿ ಹೆಚ್ಚಿನದು ಮಾತ್ರೆಯಿಂದಲೇ, ಅದರಲ್ಲೂ ಪ್ರಮಾಣ ಏರಿಸಿದ ಮೊದಲ ವಾರಗಳಲ್ಲಿ. ಕಾಯಿಲೆ ಕೆರಳಿತೆಂದು ಇನ್ನಷ್ಟು ಏರಿಸಿದರೆ ಚಡಪಡಿಕೆಯೂ ಏರುತ್ತದೆ. ಅತ್ಯಂತ ಅಪಾಯದ ತಪ್ಪು ಇದು.

ಮನೆಯವರಿಗೆ ಹೇಳಿದ್ದು: ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಏರಿಸಲೂ ಬೇಡಿ. ಕಾಯದೆ ಈ ವಾರವೇ ಅದೇ ಮನೋವೈದ್ಯರ ಬಳಿ ಹೋಗಿ. ಎಲ್ಲ ಮಾತ್ರೆಗಳ ಸ್ಟ್ರಿಪ್ ಒಯ್ಯಿರಿ, ವಾಂತಿಗೆ ತಂದದ್ದೂ ಸೇರಿ. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್ ಕೂಡ ಇದೇ ಚಡಪಡಿಕೆ ತರಬಲ್ಲದು. ಆಕೆಗೆ ಉಬ್ಬಸವಿರುವುದನ್ನು ಮೊದಲು ಹೇಳಿ. ಈ ಚಡಪಡಿಕೆಗೆ ಸಾಮಾನ್ಯವಾಗಿ ಕೊಡುವ ಪ್ರೊಪ್ರನೊಲಾಲ್ ಉಬ್ಬಸದವರಿಗೆ ಆಗಿಬರುವುದಿಲ್ಲ. "ಸುಮ್ನೆ ಕೂತ್ಕೋ" ಎಂದು ಗದರಬೇಡಿ, ಅದು ಆಕೆಯ ಕೈಯಲ್ಲಿಲ್ಲ, ಓಡಾಡಲು ಬಿಡಿ. ಈ ಹಿಂಸೆಗಿಂತ ಸಾಯೋದೇ ಮೇಲು ಎಂಬ ಮಾತು ಬಂದರೆ ಒಬ್ಬರನ್ನೇ ಬಿಡಬೇಡಿ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ರಾತ್ರಿಯಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು.

ವೈದ್ಯರು ರಿಸ್ಪೆರಿಡೋನ್ ಇಳಿಸಿ, ಚಡಪಡಿಕೆ ತಗ್ಗಿಸಲು ಕೆಲವು ದಿನಕ್ಕಷ್ಟೇ ಕ್ಲೊನಾಜೆಪಾಮ್ ಎಂಬ ಮಾತ್ರೆ ಸೇರಿಸಿದರು. ಕಾಲಿನ ಚಡಪಡಿಕೆ ನಿಂತಿತು, ಮಾತು ಕೇಳಿಸುವುದು ಮರಳಲಿಲ್ಲ. ಮುಂದೆ ಪ್ರಮಾಣ ಬದಲಾದಾಗಲೆಲ್ಲ ಆಕೆಗೆ ಎಷ್ಟು ಹೊತ್ತು ಕೂರಲಾಗುತ್ತದೆ ಎಂದು ಗಂಡ ಬರೆದಿಟ್ಟು ವೈದ್ಯರಿಗೆ ತೋರಿಸಬೇಕೆಂದು ಒಪ್ಪಿಕೊಂಡಿದ್ದಾರೆ.