ಆಶಾ ಕಾರ್ಯಕರ್ತೆಯ ಫಾರಂನಲ್ಲಿಲ್ಲದ ಪ್ರಶ್ನೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಮೂವತ್ತು ದಾಟಿದ ಆಶಾ ಕಾರ್ಯಕರ್ತೆ. ನಿದ್ದೆ ಬರುತ್ತಿಲ್ಲ ಎಂದು ನನ್ನ ಬಳಿ ಬಂದಿದ್ದರು. ಮಾತಾಡುತ್ತ ಹೋದಂತೆ ತಿಳಿದದ್ದು, ತಿಂಗಳ ಮೀಟಿಂಗ್ ಎಂದರೆ ಅವರಿಗೆ ಭಯ. ಆ ದಿನ ಬೆಳಗಿನಿಂದ ನೀರೇ ಮುಟ್ಟುವುದಿಲ್ಲ. ಎರಡನೇ ಹೆರಿಗೆಯಾದಾಗಿನಿಂದ ಕೆಮ್ಮಿದರೆ, ಸೀನಿದರೆ, ಬಸ್ಸಿಗೆ ಓಡಿದರೆ ಉಚ್ಚೆ ಹನಿಯುತ್ತದೆ. ಗಂಡನಿಗೂ ಹೇಳಿರಲಿಲ್ಲ.

"ನಮ್ಮತ್ತೆಗೂ ಹಿಂಗೇ ಅಂತೆ ಮೇಡಂ. ಬಾಣಂತಿಯರು ಕೇಳಿದ್ರೆ ನಾನೂ ಹೆತ್ತ ಮೇಲೆ ಇದೆಲ್ಲ ಇದ್ದದ್ದೇ ಅಂತೀನಿ."

ಆಮೇಲೆ ಅವರು ಅತ್ತದ್ದು ಈ ಕೊನೆಯ ಮಾತಿಗೆ. ನಾನು ಅವರನ್ನು ದೂರಲಾರೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28, 42ನೇ ದಿನ ಆಶಾ ಬಾಣಂತಿಯ ಮನೆಗೆ ಹೋಗಬೇಕು. ಮಗುವಿನ ತೂಕ, ಮೈಬಿಸಿ, ಹೊಕ್ಕುಳು ನೋಡಬೇಕು. ಮಗು ದಿನಕ್ಕೆ 6 ಸಲಕ್ಕಿಂತ ಕಡಿಮೆ ಉಚ್ಚೆ ಮಾಡುತ್ತಿದೆಯೇ ಎಂದೂ ಬರೆಯಬೇಕು. ತಾಯಿಯದು? "ಅಂಥ ಕಾಲಂ ಇಲ್ಲ ಮೇಡಂ."

ಇದು ಬಹಳ ಹೆಂಗಸರಿಗೆ ಬರುತ್ತದೆ, ಹಾಗೆಂದು ಸಹಿಸಿಕೊಂಡಿರಬೇಕಿಲ್ಲ ಎಂದೆ. ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ಹೊತ್ತಿರುವ ಸ್ನಾಯುಗಳು ಸಡಿಲಗೊಂಡಿರುತ್ತವೆ, ಅಭ್ಯಾಸದಿಂದ ಬಿಗಿಯಾಗಬಲ್ಲವು. ಹೂಸು ತಡೆಯುವಾಗ ಯಾವ ಜಾಗ ಮೇಲಕ್ಕೆಳೆದುಕೊಳ್ಳುತ್ತದೋ ಅದೇ ಎಂದಾಗ ಮೊದಲ ಸಲ ನಕ್ಕರು. ಎಳೆದು ಐದು ಎಣಿಸಿ, ಅಷ್ಟೇ ಹೊತ್ತು ಪೂರ್ತಿ ಬಿಡಿ. ಒಂದು ಸಲಕ್ಕೆ 8 ಬಾರಿಯಾದರೂ, ದಿನಕ್ಕೆ ಮೂರು ಸಲ, ಕನಿಷ್ಠ 3 ತಿಂಗಳು. ಉಸಿರು ಕಟ್ಟಬಾರದು, ಕುಂಡೆ ಬಿಗಿಯಬಾರದು. ಉಚ್ಚೆಯನ್ನು ನಡುವೆ ನಿಲ್ಲಿಸಿ ಅಭ್ಯಾಸ ಮಾಡಿ ಎಂದು ಹೇಳಿಕೊಡುವವರು ಈಗಲೂ ಇದ್ದಾರೆ. ಅದು ಬೇಡ, ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿಯಬಹುದು. ನೀರು ಕುಡಿಯುವುದನ್ನು ಬಿಡಬೇಡಿ, ಮಲಬದ್ಧತೆಗೆ ಅವಕಾಶ ಕೊಡಬೇಡಿ.

ಮೊದಲು ವೈದ್ಯೆಯ ಬಳಿ ಕಳಿಸಿದೆ. ಸೋಂಕು ಇದೆಯೇ, ಗರ್ಭಕೋಶ ಜಾರಿದೆಯೇ ನೋಡಲೇಬೇಕು. ಆನಂತರ ಫಿಜಿಯೋಥೆರಪಿಸ್ಟ್ ಬಳಿ. ಮೇಲಕ್ಕೆಳೆಯುವ ಬದಲು ಕೆಳಕ್ಕೆ ತಿಣುಕುವವರೂ ಕಡಿಮೆಯಿಲ್ಲ, ಬಾಯಿಮಾತಿನಲ್ಲಿ ಅದು ತಿಳಿಯುವುದಿಲ್ಲ.

ಕಾಲಂ ಇಲ್ಲದಿದ್ದರೂ ಬಾಣಂತಿಯರನ್ನು ಕೇಳಿ ಎಂದೆ: "ಕೆಮ್ಮಿದರೆ ಹನಿಯುತ್ತಾ?" ಮಲ ತಡೆಯಲಾಗದಿದ್ದರೆ, ಕೆಳಗೆ ಗಂಟು ಕೈಗೆ ಸಿಕ್ಕರೆ, ಉಚ್ಚೆಯೇ ಕಟ್ಟಿಕೊಂಡರೆ ತಡಮಾಡದೆ ಆಸ್ಪತ್ರೆಗೆ. ನಿಮ್ಮ ಕಥೆ ಹೇಳಲೇಬೇಕೆಂದಿಲ್ಲ.

ಮೂರು ತಿಂಗಳ ಮೇಲೆ ಫೋನ್ ಮಾಡಿದ್ದರು. ಕೆಮ್ಮಿದಾಗ ಹನಿಯುವುದು ಬಹಳ ಕಡಿಮೆ, ಓಡಿದರೆ ಇನ್ನೂ ಇದೆ. ಅತ್ತೆಯೆದುರು ಯಾವ ಬಾಣಂತಿಯೂ ಬಾಯಿ ಬಿಡುವುದಿಲ್ಲವಂತೆ; ಅತ್ತೆ ಮಗುವಿಗೆ ಎರೆಯಲು ಬಚ್ಚಲಿಗೆ ಹೋಗುವ ಹೊತ್ತು ನೋಡಿ ಇವರು ಕೇಳುತ್ತಾರಂತೆ.