150 ಡಾಲರ್, ಒಂದು ರೀಲ್, ಜನವರಿಗೆ ಬರುವ ಅಪ್ಪ

ನಾಲ್ಕು ತಿಂಗಳ ಹಿಂದೆ ಡಲ್ಲಾಸ್ ಹತ್ತಿರದ ಫ್ರಿಸ್ಕೋಗೆ ಬಂದಿದ್ದೀರಿ. ಕಚೇರಿಯ ಗೆಳೆಯರು ಶನಿವಾರ ಬೆಳಗಾದರೆ ಬ್ಯಾಸ್ ಮೀನು ಹಿಡಿಯಲು ಹೊರಡುತ್ತಾರೆ, ನಿಮಗೂ ಅವರಂತೆ ಗಾಳದ ದಾರ ಸುತ್ತುವ ಬೈಟ್‌ಕ್ಯಾಸ್ಟಿಂಗ್ ರೀಲ್ ಬೇಕು, ಕೋಲು, ದಾರ ಎಲ್ಲ ಸೇರಿ 150 ಡಾಲರ್ ದಾಟಬಾರದು ಎಂದು ಬರೆದಿದ್ದೀರಿ. 40 ಡಾಲರಿಗೆ 18 ಬೇರಿಂಗ್ ಇರುವ ರೀಲ್ ಕಂಡಿದೆ, ಕೊಳ್ಳಲೇ ಎಂದು ಕೇಳಿದ್ದೀರಿ. ಜೊತೆಗೆ ಕಾರು, ಬಾಡಿಗೆ ಮನೆ, ಜನವರಿಯಲ್ಲಿ ಬರಲಿರುವ ಅಪ್ಪ ಅಮ್ಮ. ತೀರ್ಥಹಳ್ಳಿ ಕಡೆಯವರು ಎಂದು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ನಾನು ಹರಿಹರಪುರದ ಹತ್ತಿರದವನು, ಅದೇ ತುಂಗೆಯ ದಡದವನು.

ಕಾರು ಹಳೆಯದನ್ನೇ ಕೊಳ್ಳಿ, ಸಾಲ ಮಾಡಬೇಡಿ. ಬಾಡಿಗೆ ಮನೆಯ ವಿಷಯವನ್ನು ನಿಮ್ಮ ಕಚೇರಿಯ ಕನ್ನಡದವರೇ ನನಗಿಂತ ಚೆನ್ನಾಗಿ ಹೇಳುತ್ತಾರೆ. ಇನ್ನು ಮೀನಿಗೆ ಬರೋಣ.

18 ಬೇರಿಂಗಿನ ಆ ರೀಲ್ ಬೇಡ. ಬೇರಿಂಗುಗಳ ಲೆಕ್ಕ ಪೆಟ್ಟಿಗೆಯ ಮೇಲೆ ಅಚ್ಚು ಹಾಕುವುದಕ್ಕೆ ಚೆಂದ. ಎಸೆತದ ಹೊತ್ತಿಗೆ ಕೆಲಸಕ್ಕೆ ಬರುವುದು ದಾರ ಸುತ್ತಿರುವ ಉರುಳೆಯನ್ನು, ಅಂದರೆ ಸ್ಪೂಲನ್ನು, ಹೊತ್ತು ನಿಲ್ಲುವ ಕೆಲವೇ ಬೇರಿಂಗುಗಳು. ಉಳಿದವನ್ನು ಹಿಡಿಕೆಯೊಳಗೂ ತುರುಕಿ ಎಣಿಕೆ ಏರಿಸಿರುತ್ತಾರೆ. ನೀವು ನೋಡಬೇಕಾದದ್ದು ಬ್ರೇಕ್. ಇನ್ನೊಂದು ಬಗೆಯಾದ ಸ್ಪಿನ್ನಿಂಗ್ ರೀಲಿನಲ್ಲಿ ಎಸೆಯುವಾಗ ಸ್ಪೂಲ್ ತಿರುಗುವುದಿಲ್ಲ, ದಾರ ಮಾತ್ರ ಸುರುಳಿ ಬಿಚ್ಚಿಕೊಂಡು ಹೋಗುತ್ತದೆ. ಬೈಟ್‌ಕ್ಯಾಸ್ಟಿಂಗ್ ರೀಲಿನಲ್ಲಿ ಸ್ಪೂಲೇ ತಿರುಗಿ ದಾರ ಕೊಡಬೇಕು. ಗಾಳಿಯಲ್ಲಿ ಹೋಗುತ್ತಿರುವ ಹುಸಿಮೀನಿನ (ದಾರದ ತುದಿಗೆ ಕಟ್ಟುವ ಕೃತಕ ಮೀನು, ಲ್ಯೂರ್) ವೇಗ ಇಳಿದರೂ ಸ್ಪೂಲ್ ಅದೇ ರಭಸದಲ್ಲಿ ತಿರುಗುತ್ತಿದ್ದರೆ ದಾರ ಹೊರಗೆ ಹೋಗಲಾರದೆ ಒಳಗೇ ಗೋಜಲಾಗುತ್ತದೆ. ಇಲ್ಲಿಯವರು ಬ್ಯಾಕ್‌ಲ್ಯಾಶ್ ಎನ್ನುವುದು ಇದನ್ನೇ. ಅದನ್ನು ತಡೆಯುವುದು ಒಂದು ಕಡೆ ಆಯಸ್ಕಾಂತದ ಅಥವಾ ಕೇಂದ್ರಾಪಗಾಮಿ ಬ್ರೇಕ್, ಇನ್ನೊಂದು ಕಡೆ ನಿಮ್ಮ ಹೆಬ್ಬೆರಳು. ತೀರಾ ಅಗ್ಗದ ರೀಲುಗಳಲ್ಲಿ ಬ್ರೇಕಿನ ತಿರುಗಣಿಯನ್ನು ಒಂದರಿಂದ ಹತ್ತಕ್ಕೆ ತಂದರೂ ವ್ಯತ್ಯಾಸ ಕಾಣದಿರುವುದುಂಟು. ಹೊಸಬರು ಅದರ ಜೊತೆ ಗುದ್ದಾಡಿ, ಈ ವಿದ್ಯೆ ತಮ್ಮದಲ್ಲ ಎಂದು ಕೈಬಿಡುತ್ತಾರೆ. ಒಳ್ಳೆಯ ಹುಡುಗರು ಹಾಗೆ ಬಿಟ್ಟು ಹೋದದ್ದನ್ನು ಕಂಡು ನನಗೆ ಬೇಸರವಾಗಿದೆ.

60 ಡಾಲರ್ ಆಸುಪಾಸಿನಲ್ಲಿ ಅಬು ಗಾರ್ಸಿಯಾ ಬ್ಲ್ಯಾಕ್ ಮ್ಯಾಕ್ಸ್ ಸಿಗುತ್ತದೆ, ಆಯಸ್ಕಾಂತದ ಬ್ರೇಕಿನದು. ಕಲಿಯುವ ಕೈಗೆ ಅದು ಸಾಕು. 100 ಡಾಲರಿನ ಹತ್ತಿರ ಹೋದರೆ ಶಿಮಾನೋ ಎಸ್‌ಎಲ್‌ಎಕ್ಸ್, ಡೈವಾ ಫ್ಯೂಗೋ ಇವೆ, ಎರಡೂ ವರ್ಷಗಟ್ಟಲೆ ಬಾಳುವಂಥವು. ನಿಮ್ಮ ಲೆಕ್ಕದಲ್ಲಿ ಕೋಲೂ ಸೇರಿರುವುದರಿಂದ ಮೊದಲನೆಯದಕ್ಕೇ ನನ್ನ ಮತ. ಗೇರ್ ಅನುಪಾತ, ಅಂದರೆ ಹಿಡಿಕೆಯ ಒಂದು ಸುತ್ತಿಗೆ ಸ್ಪೂಲ್ ತಿರುಗುವ ಸುತ್ತುಗಳು, ಆರೂ ಚಿಲ್ಲರೆಯೋ ಏಳೋ ಎಂದು ತಲೆ ಕೆಡಿಸಿಕೊಳ್ಳಬೇಡಿ, ಎರಡೂ ನಡೆಯುತ್ತದೆ. ಕೋಲು ಏಳು ಅಡಿಯದು, ಗಡಸುತನದಲ್ಲಿ ಮೀಡಿಯಂ ಹೆವಿ, 40 ಡಾಲರಿನೊಳಗೆ. ಹುಸಿಮೀನು 3/8 ಔನ್ಸಿಗಿಂತ ಹಗುರ ಬೇಡ, ಅರ್ಧ ಔನ್ಸ್ ಆದರೆ ಕಲಿಯುವುದು ಇನ್ನೂ ಸುಲಭ.

ಒಂದು ವಿಷಯವನ್ನು ಮಾತ್ರ ಹಣ ಕೊಡುವ ಮೊದಲೇ ತೀರ್ಮಾನಿಸಿ: ಹಿಡಿಕೆ ಎಡಕ್ಕೋ ಬಲಕ್ಕೋ. ಸ್ಪಿನ್ನಿಂಗ್ ರೀಲಿನ ಹಿಡಿಕೆಯನ್ನು ಬಿಚ್ಚಿ ಆಚೆ ಬದಿಗೆ ಹಾಕಬಹುದು, ಇದರದ್ದು ಆಗದು. ಬಲಗೈಯಲ್ಲಿ ಎಸೆದು ಬಲಗೈಯಲ್ಲೇ ಸುತ್ತಬೇಕೆಂದರೆ ಪ್ರತಿ ಎಸೆತಕ್ಕೂ ಕೋಲನ್ನು ಕೈ ಬದಲಿಸಬೇಕು. ಎಡಹಿಡಿಕೆಯ ರೀಲ್ ಕೊಂಡರೆ ಆ ತಾಪತ್ರಯ ಇಲ್ಲ. ಅಂಗಡಿಗೆ ಹೋಗಿ ಎರಡನ್ನೂ ಕೈಯಲ್ಲಿ ಹಿಡಿದು ನೋಡಿ. ಕೊಳ್ಳದಿದ್ದರೂ ಇಲ್ಲಿ ಯಾರೂ ಮುಖ ಸಿಂಡರಿಸುವುದಿಲ್ಲ.

ದಾರ 12ರಿಂದ 14 ಪೌಂಡ್ ಎಳೆತ ತಡೆಯುವ ಸಾಧಾರಣ ನೈಲಾನ್. ಹೆಣೆದ ದಾರ ಗಟ್ಟಿ ನಿಜ, ಆದರೆ ಹೊಸಬರ ಕೈಯಲ್ಲಿ ತನ್ನ ಸುತ್ತಿನೊಳಗೆ ತಾನೇ ಹೂತುಕೊಳ್ಳುತ್ತದೆ. ಅದು ಗೋಜಲಾದರೆ ಬಿಡಿಸುವುದೂ ಕಷ್ಟ. ಸ್ಪೂಲಿನ ಅಂಚಿಗಿಂತ ತುಸು ಕೆಳಗೇ ನಿಲ್ಲುವಂತೆ ತುಂಬಿಸಿ. ಗೋಜಲಾದ ದಾರವನ್ನು ಕತ್ತರಿಸಿದರೆ ಒಂದು ತುಂಡನ್ನೂ ದಡದಲ್ಲಿ ಬಿಡಬೇಡಿ, ಕೊಕ್ಕರೆಗಳ ಕಾಲಿಗೆ ಸುತ್ತಿಕೊಳ್ಳುತ್ತದೆ.

ನಾನು ಬಂದ ಹೊಸತರಲ್ಲಿ ಅಪಾರ್ಟ್‌ಮೆಂಟಿನ ಹಿಂದೆ ಒಂದು ಕೊಳ ಇತ್ತು. ಸಂಜೆ ಅದರ ಸುತ್ತ ನಡೆಯುವುದೇ ನನಗಿದ್ದ ಊರಿನ ನಂಟು. ಅಲ್ಲಿ ಮೀನು ಹಿಡಿಯುತ್ತಿದ್ದ ಒಬ್ಬ ಹಿರಿಯ ಮೆಕ್ಯಾನಿಕ್ ನನ್ನನ್ನು ನೀರಿನ ಹತ್ತಿರಕ್ಕೇ ಬಿಡಲಿಲ್ಲ. ಹುಲ್ಲಿನ ಮೇಲೆ ನಿಲ್ಲಿಸಿ, ಕೊಕ್ಕೆ ಇಲ್ಲದ ಸೀಸದ ಗುಂಡು ಕಟ್ಟಿಸಿ, ಕತ್ತಲಾಗುವ ತನಕ ಎಸೆಯಿಸಿದ. ನೀವೂ ಹಾಗೆಯೇ ಮಾಡಿ. ಮೊದಲು ಹಿಡಿಕೆಯ ಪಕ್ಕದ ಸಣ್ಣ ತಿರುಗಣಿಯನ್ನು ಹೊಂದಿಸಿಕೊಳ್ಳಬೇಕು: ಸ್ಪೂಲನ್ನು ಸಡಿಲ ಬಿಡುವ ಗುಂಡಿ ಒತ್ತಿದರೆ ಭಾರ ಮೆಲ್ಲಗೆ ಇಳಿಯಬೇಕು, ನೆಲ ಮುಟ್ಟಿದೊಡನೆ ಸ್ಪೂಲ್ ನಿಲ್ಲಬೇಕು. ಬ್ರೇಕನ್ನು ಪೂರ್ತಿಯ ಹತ್ತಿರಕ್ಕೆ ಇಟ್ಟು ಆರಂಭಿಸಿ, ಕೈ ಪಳಗಿದಂತೆ ಒಂದೊಂದೇ ಮೆಟ್ಟಿಲು ಇಳಿಸಿ. ಗಾಳಿಗೆ ಎದುರಾಗಿ ಎಸೆಯಬೇಡಿ. ಭಾರ ನೀರು ಮುಟ್ಟುವ ಮೊದಲೇ ಹೆಬ್ಬೆರಳು ಸ್ಪೂಲಿನ ಮೇಲೆ ಕೂರಬೇಕು.

ಈ ಹೆಬ್ಬೆರಳಿನ ವಿದ್ಯೆಯನ್ನು ನನಗಿಂತ ಬೇಗ ಅರಿತವರು ನಮ್ಮ ಅಪ್ಪ. ಅವರು ಒಂದೇ ಸಲ ಇಲ್ಲಿಗೆ ಬಂದಿದ್ದರು, ಚಳಿಗಾಲದಲ್ಲಿ. ಮಳೆಗಾಲದ ಕೆಂಪು ನೀರಿನಲ್ಲಿ ಬಿದಿರಿನ ಕೋಲು, ಎರೆಹುಳು ಹಿಡಿದು ಕೂತವರು ಅವರು. ಬೆಂಡು ಅಲುಗುವ ಮೊದಲೇ ಮೀನು ಬಂದದ್ದನ್ನು ಹೇಳುತ್ತಿದ್ದರು. ಒಂದು ಬೆಳಿಗ್ಗೆ ಊಟದ ಮೇಜಿನ ಮೇಲೆ ನನ್ನ ರೀಲ್ ಇತ್ತು. ಕನ್ನಡಕ ಹಾಕಿಕೊಂಡು ಅದನ್ನು ತಿರುಗಿಸಿ ನೋಡಿದರು. ಏನೂ ಕೇಳದೆ ಗುಂಡಿ ಒತ್ತಿ, ಸ್ಪೂಲಿನ ಅಂಚಿಗೆ ಹೆಬ್ಬೆರಳಿನ ಬದಿಯನ್ನು ತಾಗಿಸಿ, ಹುಸಿಮೀನನ್ನು ನೆಲದತ್ತ ಇಳಿಯಬಿಟ್ಟರು. ನೆಲಕ್ಕೆ ಒಂದು ಅಂಗುಲ ಇರುವಾಗ ನಿಲ್ಲಿಸಿದರು. ಮತ್ತೆ ಸುತ್ತಿ, ಮತ್ತೆ ಇಳಿಸಿದರು. ಅದೇ ಒಂದು ಅಂಗುಲ.

ಆದರೆ ನೀರಿನ ದಡದಲ್ಲಿ ಅವರು ಒಮ್ಮೆಯೂ ಎಸೆಯಲಿಲ್ಲ. ಟೆಕ್ಸಾಸಿನಲ್ಲಿ 17 ತುಂಬಿದವರಿಗೆ ಮೀನು ಹಿಡಿಯಲು ಪರವಾನಗಿ ಬೇಕು. ವಿಸಿಟರ್ ವೀಸಾದಲ್ಲಿ ಬಂದವರು ಏನಾದರೂ ಕಾಯಿದೆ ತಪ್ಪಿದರೆ ಮುಂದೆ ಏನಾದೀತೋ ಎಂಬ ಅಂಜಿಕೆ ನನಗೆ, ನನ್ನದೇ ಕಾಗದಪತ್ರಗಳು ಆಗ ಇನ್ನೂ ನಡುದಾರಿಯಲ್ಲಿದ್ದವು. ಅಪ್ಪನೂ ಒತ್ತಾಯಿಸಲಿಲ್ಲ. ಮಂಕಿ ಕ್ಯಾಪ್ ಹಾಕಿಕೊಂಡು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ನಾನು ಎಸೆಯುವುದನ್ನು ನೋಡುತ್ತ ನಿಂತರು. ಇಲ್ಲಿಯ ಸ್ಟೇಟ್ ಪಾರ್ಕುಗಳ ಒಳಗೆ ದಡದಿಂದ ಮೀನು ಹಿಡಿಯಲು ಯಾರಿಗೂ, ಹೊರಗಿನವರಿಗೂ, ಪರವಾನಗಿಯೇ ಬೇಡ ಎಂಬುದು ನನಗೆ ಗೊತ್ತಾಗುವ ಹೊತ್ತಿಗೆ ಅವರು ಊರಿಗೆ ಮರಳಿದ್ದರು. ಆಮೇಲೆ ಮಂಡಿನೋವು, ಅಷ್ಟು ಉದ್ದದ ಪ್ರಯಾಣ ಬೇಡ ಎಂದರು. ಈಗ ಅವರಿಲ್ಲ. ಈ ನೋವು ಇಷ್ಟು ವರ್ಷಗಳಾದರೂ ಹೋಗಿಲ್ಲ. ಈ ದೇಶದಲ್ಲಿ ನಿಮ್ಮ ಪಾಲಿಗಿರುವ ಅನುಕೂಲವನ್ನು ಯಾರೂ ಮನೆ ಬಾಗಿಲಿಗೆ ಬಂದು ಹೇಳುವುದಿಲ್ಲ, ಹೆದರಿ ಸುಮ್ಮನಿದ್ದರೆ ಅದು ಹಾಗೆಯೇ ಕೈತಪ್ಪುತ್ತದೆ.

ನಿಮ್ಮ ಪರವಾನಗಿಯ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಟೆಕ್ಸಾಸಿನಲ್ಲಿ ಆರು ತಿಂಗಳಿಗಿಂತ ಹೆಚ್ಚು ವಾಸವಾದವರನ್ನೇ ಇಲ್ಲಿಯ ನಿವಾಸಿ ಎಂದು ಪರಿಗಣಿಸುತ್ತಾರೆ. ನಿವಾಸಿಗೆ ಸಿಹಿನೀರಿನ ಪರವಾನಗಿ 30 ಡಾಲರ್, ಹೊರಗಿನವರಿಗೆ 58. ನಿಮಗೆ ನಾಲ್ಕೇ ತಿಂಗಳು, ಆದ್ದರಿಂದ ಇನ್ನೆರಡು ತಿಂಗಳು ಸ್ಟೇಟ್ ಪಾರ್ಕುಗಳಲ್ಲೇ ಕಲಿಯಿರಿ. ಉಳಿಯುವ 28 ಡಾಲರಿಗೆ ದಾರ, ಹುಸಿಮೀನು ಎರಡೂ ಬರುತ್ತವೆ. ನಿಮಗೆ ರೇ ರಾಬರ್ಟ್ಸ್ ಕೆರೆಯ ಸ್ಟೇಟ್ ಪಾರ್ಕ್ ಹತ್ತಿರ. ಇಲ್ಲಿಯ ದೊಡ್ಡ ಕೆರೆಗಳು ಬಹುತೇಕ ಅಣೆಕಟ್ಟಿನ ಹಿನ್ನೀರುಗಳೇ. ಲಿಂಗನಮಕ್ಕಿಯ ನೀರು ಇಳಿದಾಗ ತಲೆ ಎತ್ತುವ ಬೊಡ್ಡೆಗಳನ್ನು ನೀವು ಕಂಡಿದ್ದೀರಲ್ಲ, ಅಂಥವು ಇಲ್ಲಿ ನೀರಿನಡಿ ಇರುತ್ತವೆ, ಬ್ಯಾಸ್ ಅವುಗಳ ನೆರಳಲ್ಲೇ ಕೂತಿರುತ್ತದೆ. ಮೀನನ್ನು ಬೊಡ್ಡೆಯಿಂದ ಎಳೆದು ತರಲು ದಪ್ಪ ದಾರ ಬೇಕು, ಗಟ್ಟಿ ಕೋಲು ಬೇಕು. ಬೈಟ್‌ಕ್ಯಾಸ್ಟಿಂಗ್ ರೀಲ್ ಕೊಳ್ಳುವುದೇ ಅದಕ್ಕೆ.

ರಾಜ್ಯದ ಸಾಮಾನ್ಯ ನಿಯಮದಂತೆ 14 ಅಂಗುಲಕ್ಕಿಂತ ಚಿಕ್ಕ ಲಾರ್ಜ್‌ಮೌತ್ ಬ್ಯಾಸನ್ನು ನೀರಿಗೆ ಬಿಡಬೇಕು, ದಿನಕ್ಕೆ ಐದರ ಮಿತಿ. ಕೆಲವು ಕೆರೆಗಳಿಗೆ ಬೇರೆ ಅಳತೆ ಇದೆ. ಲೇಕ್ ಫೋರ್ಕಿನಲ್ಲಿ 16ರಿಂದ 24 ಅಂಗುಲದವನ್ನು ಬಿಡಲೇಬೇಕು. 1992ರ ಜನವರಿಯಲ್ಲಿ ರಾಜ್ಯದ ದಾಖಲೆಯ 18.18 ಪೌಂಡಿನ ಬ್ಯಾಸ್ ಸಿಕ್ಕಿದ್ದು ಆ ಕೆರೆಯಲ್ಲೇ. ನಾನು ಈ ತನಕ ಹಿಡಿದ ಅತಿ ದೊಡ್ಡ ಮೀನೂ ಅಲ್ಲಿಯದೇ, ಸಾಧಾರಣ ರೀಲಿನಲ್ಲೇ ಬಂದದ್ದು, ಅದನ್ನು ಬಿಟ್ಟುಬಂದದ್ದಕ್ಕೆ ನನಗೆ ಹೆಮ್ಮೆಯಿದೆ. ಊರಿನವರು ಸಾರು ಮಾಡಲಿಲ್ಲವೇ ಎಂದು ಕೇಳುತ್ತಾರೆ. ಶೃಂಗೇರಿಯ ಹೊಳೆಯ ಮೀನುಗಳಿಗೆ ಮಂಡಕ್ಕಿ ಹಾಕಿ ಬಂದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜನವರಿಗೆ ಅಪ್ಪ ಬಂದಾಗ ಅವರಿಗಾಗಿ ಎರಡನೆಯ ರೀಲ್ ಕೊಳ್ಳಲು ಹೋಗಬೇಡಿ. ಹಲವು ಸ್ಟೇಟ್ ಪಾರ್ಕುಗಳಲ್ಲಿ ಕೋಲು ರೀಲುಗಳನ್ನು ಪುಕ್ಕಟೆಯಾಗಿ ಎರವಲು ಕೊಡುತ್ತಾರೆ. ಹೋಗುವ ಮೊದಲು ಆ ಪಾರ್ಕಿಗೆ ಫೋನ್ ಮಾಡಿ ಇದೆಯೇ ಎಂದು ವಿಚಾರಿಸಿ, ಶನಿವಾರವಾದರೆ ಪ್ರವೇಶವನ್ನು ಮೊದಲೇ ಕಾದಿರಿಸಿ. ಚಳಿಯಲ್ಲಿ ಬ್ಯಾಸ್ ಮಂದವಾಗಿರುತ್ತದೆ, ಮಧ್ಯಾಹ್ನ ಬಿಸಿಲೇರಿದ ಮೇಲೆ ಹೊರಡಿ. ಅಪ್ಪನಿಗೆ ಎರೆಹುಳು, ಬೆಂಡು ಕಟ್ಟಿಕೊಡಿ, ಅವು ಇಲ್ಲಿಯ ಅಂಗಡಿಗಳಲ್ಲೂ ಸಿಗುತ್ತವೆ. ಉತ್ತರದ ಗಾಳಿ ಬೀಸಿದ ದಿನ ಮಾತ್ರ ಅವರನ್ನು ದಡಕ್ಕೆ ಕರೆದೊಯ್ಯಬೇಡಿ, ಆ ಚಳಿ ನಮ್ಮ ಕಡೆಯ ಮೈಗೆ ತಡೆಯುವಂಥದ್ದಲ್ಲ.